ಪುಟ ಬದಲಾದರೂ ತಪ್ಪದ ಉಲ್ಲೇಖ

ಸೇಡಂ, ಚಿತ್ತಾಪುರದ ಕಡೆಯವರು ತಮ್ಮ ಸೀಮೆಯ ಚರಿತ್ರೆ ಬರೆಯಲು ಕೂತರೆ ಸನ್ನತಿ ಬಂದೇ ಬರುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಇದನ್ನು 4ನೇ ಅಡಿಟಿಪ್ಪಣಿಯಲ್ಲಿ ಬರೆದಿದ್ದೀರಿ ಎನ್ನೋಣ. ಮುಂದೆ ಕನಗನಹಳ್ಳಿಯ ಸ್ತೂಪದ ಮಾತು ಬಂದಾಗ ‘ಟಿಪ್ಪಣಿ 4 ನೋಡಿ’ ಎಂದು ಟೈಪ್ ಮಾಡಿದಿರಿ. ಆಮೇಲೆ ಮೊದಲ ಪುಟದಲ್ಲಿ ಶಹಾಬಾದ್ ಕಲ್ಲಿನ ಬಗ್ಗೆ ಹೊಸ ಟಿಪ್ಪಣಿ ಸೇರಿತು. ಸನ್ನತಿಯದು ತಾನಾಗಿ 5 ಆಯಿತು. ನೀವು ಟೈಪಿಸಿದ 4 ಮಾತ್ರ ಹಾಗೇ ಉಳಿಯಿತು. ಓದುವವರು ಅಲ್ಲಿ ಹೋಗಿ ನೋಡಿದರೆ ಬೇರೇನೋ ಸಿಗುತ್ತದೆ.

ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವನ್ನು ವಿದ್ವಾಂಸರು ಹೇಗೆ ಉಲ್ಲೇಖಿಸುತ್ತಾರೆ ನೋಡಿ: ಪರಿಚ್ಛೇದ ಇಷ್ಟು, ಪದ್ಯ ಇಷ್ಟು. ಮುದ್ರಣ ಬದಲಾಗಿ ಪುಟ ಹಿಂದುಮುಂದಾದರೂ ಪದ್ಯ ಸಿಕ್ಕೇ ಸಿಗುತ್ತದೆ. ನಮ್ಮ ಉಲ್ಲೇಖವೂ ಹಾಗೆ ವಿಷಯಕ್ಕೇ ಅಂಟಿಕೊಂಡಿರಬೇಕು. ಕಂಪ್ಯೂಟರ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಲಿಬ್ರೆಆಫೀಸ್ ರೈಟರ್ ಉಚಿತ, ಅದರಲ್ಲೇ ಕಲಿಯೋಣ. ‘ಟಿಪ್ಪಣಿ’ ಎಂದು ಬರೆದು ಒಂದು ಜಾಗ ಬಿಡಿ. ‘ಇನ್ಸರ್ಟ್’ ಮೆನುವಿನಲ್ಲಿ ‘ಕ್ರಾಸ್-ರೆಫರೆನ್ಸ್’ ತೆರೆಯಿರಿ. ಎಡಗಡೆ ‘ಫುಟ್‌ನೋಟ್ಸ್’ ಆರಿಸಿದರೆ ನಿಮ್ಮ ಟಿಪ್ಪಣಿಗಳೆಲ್ಲ ಸಾಲಾಗಿ ಕಾಣುತ್ತವೆ. ಸನ್ನತಿಯದನ್ನು ಆರಿಸಿ ‘ಇನ್ಸರ್ಟ್’ ಒತ್ತಿ. ಬಂದ ಅಂಕಿ ಅಕ್ಷರದಂತೆ ಕಂಡರೂ ಅದು ಟಿಪ್ಪಣಿಗೆ ಜೋಡಿಸಿದ ಕೊಂಡಿ.

ಟಿಪ್ಪಣಿಯಲ್ಲ, ಒಂದು ಸಾಲಿನ ಕಡೆಗೇ ಓದುಗರನ್ನು ಕಳಿಸಬೇಕೆ? ಇಲ್ಲಿ ಎರಡು ಹೆಜ್ಜೆ, ಹೊಸಬರು ಎಡವುವುದೂ ಇಲ್ಲೇ. ಮಳಖೇಡದ ಕೋಟೆ ಕಾಗಿಣಾ ನದಿಯ ದಂಡೆಯಲ್ಲಿದೆ ಎಂಬ ಸಾಲನ್ನು ಮೊದಲು ಆಯ್ಕೆ ಮಾಡಿ, ಅದೇ ಪೆಟ್ಟಿಗೆಯ ‘ಸೆಟ್ ರೆಫರೆನ್ಸ್’ನಲ್ಲಿ ಅದಕ್ಕೊಂದು ಹೆಸರು ಕೊಟ್ಟು ‘ಇನ್ಸರ್ಟ್’ ಒತ್ತಿ. ‘ಕಾಗಿಣಾ-ಕೋಟೆ’ಯಂಥ ಹೆಸರಿಡಿ, ‘ಒಂದು’, ‘ಎರಡು’ ಎಂದಿಟ್ಟರೆ ತಿಂಗಳ ನಂತರ ಯಾವುದು ಯಾವುದೆಂದು ತಿಳಿಯದು. ಮುಂದೆ ಉಲ್ಲೇಖ ಬೇಕಾದ ಕಡೆ ಕರ್ಸರ್ ಇಟ್ಟು ‘ಇನ್ಸರ್ಟ್ ರೆಫರೆನ್ಸ್’ನಲ್ಲಿ ಆ ಹೆಸರನ್ನು ಹುಡುಕಿ. ಪುಟಸಂಖ್ಯೆ ಬರಬೇಕೋ, ಆ ಸಾಲೇ ಬರಬೇಕೋ ಎಂಬುದನ್ನು ನೀವೇ ಆರಿಸಬಹುದು.

ಬರಹ ತಿದ್ದಿದ ಮೇಲೆ ಎಫ್9 ಒತ್ತಿದರೆ ಅಂಕಿಗಳೆಲ್ಲ ಸರಿಹೊಂದುತ್ತವೆ. ಮೂಲ ಸಾಲನ್ನೇ ಅಳಿಸಿದ್ದರೆ ಉಲ್ಲೇಖದ ಜಾಗದಲ್ಲಿ ದೋಷದ ಸೂಚನೆ ಬರುತ್ತದೆ. ಗಾಬರಿ ಬೇಡ, ತಪ್ಪು ಅಂಕಿ ಸುಮ್ಮನೆ ಕೂರುವುದಕ್ಕಿಂತ ಅದೇ ಒಳ್ಳೆಯದು. ಮೈಕ್ರೋಸಾಫ್ಟ್ ವರ್ಡ್ ಬಳಸುವವರು ‘ರೆಫರೆನ್ಸಸ್’ ಪಟ್ಟಿಯಲ್ಲಿ ‘ಕ್ರಾಸ್-ರೆಫರೆನ್ಸ್’ ಹುಡುಕಿ. ಅಲ್ಲಿ ಕಂಟ್ರೋಲ್-ಎ ಒತ್ತಿ ಎಫ್9 ಒತ್ತಿದರೆ ಮುಖ್ಯ ಬರಹ ಮಾತ್ರ ತಿದ್ದುತ್ತದೆ. ಅಡಿಟಿಪ್ಪಣಿಗಳ ಒಳಗೂ ಉಲ್ಲೇಖ ಹಾಕಿದ್ದರೆ ಕರ್ಸರನ್ನು ಅಲ್ಲಿಗೆ ಒಯ್ದು ಅದೇ ಕೀಲಿಗಳನ್ನು ಮತ್ತೊಮ್ಮೆ ಒತ್ತಿ, ಆಮೇಲೆ ಮುದ್ರಣಕ್ಕೆ ಕಳಿಸಿ.