ಆಲದ ಕೊಂಬೆಗೆ ಕಟ್ಟಿದ ಸತ್ತೆ

ತಿಪಟೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಏಳು ತಿಂಗಳ ಗಬ್ಬದ ಸೀಮೆಹಸು ಕಂದು ಹಾಕಿತು. ಸತ್ತೆ, ಅಂದರೆ ಮಾಸು, ಬೀಳಲಿಲ್ಲ. ಅಣ್ಣ ಬರಿಗೈ ಹಾಕಿ ಎಳೆದ. ಹಿಂದಿನ ದಿನ ಕಾಯಿ ಸುಲಿದಿದ್ದ ಕೈ. ಬೆರಳ ತುಂಬ ಗೀರು. ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ, ಅಜ್ಜನ ಕಾಲದ ರೂಢಿಯಂತೆ ಆಲದ ಕೊಂಬೆಗೆ ಕಟ್ಟಿ ಬಂದ. ಸತ್ತ ಕರುವನ್ನು ತೆಂಗಿನ ಬುಡದಲ್ಲಿ ಹೂತದ್ದಾಯಿತು. ಗುಂಡಿ ಆಳವಿರಲಿಲ್ಲ, ರಾತ್ರಿಯೇ ನಾಯಿಗಳು ಕೆದಕಿದವು.

ಕೆಲವು ವಾರಕ್ಕೆ ಅಣ್ಣನಿಗೆ ಜ್ವರ ಹಿಡಿಯಿತು. ಬೆಳಗ್ಗೆ ತೋಟಕ್ಕೆ ನೀರು ಬಿಡುವಷ್ಟು ಗಟ್ಟಿ, ಸಂಜೆಯಾದರೆ ಮೈ ಕೆಂಡ. ನಡುರಾತ್ರಿ ಬೆವರಿಗೆ ಹೊದಿಕೆ ತೊಯ್ಯುತ್ತಿತ್ತು. ಸೊಂಟ, ಕೀಲು ಹಿಡಿದುಕೊಂಡವು. ಮೊದಲು ಟೈಫಾಯಿಡ್ ಎಂದರು, ಆಮೇಲೆ ಟಿ.ಬಿ. ಇರಬಹುದೆಂದರು. ಆಸ್ಪತ್ರೆ ಖರ್ಚಿಗೆ ಅಟ್ಟದ ಕೊಬ್ಬರಿ ಇಳಿಯಿತು.

"ಮನೇಲಿ ದನ ಇದಾವಾ?" ಎಂದು ಕೇಳಿದ್ದು ಮೂರನೆಯ ವೈದ್ಯರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಬ್ರುಸೆಲ್ಲೋಸಿಸ್, ಪಶು ಇಲಾಖೆಯವರು ಹೇಳುವ ಕಂದು ರೋಗ.

ಈ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡದ್ದು ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಲ್ಲಿ. ಅದು ಮೇಕೆಯಿಂದ ಬರುತ್ತದೆಂದು ಜಮ್ಮಿಟ್ ಎಂಬ ವೈದ್ಯ ಪತ್ತೆ ಹಚ್ಚಿದ್ದು 1905ರಲ್ಲಿ. ಅಲ್ಲಿ ದಾರಿ ಹಸಿ ಹಾಲು. ನಮ್ಮಮ್ಮ ಹಾಲು ಉಕ್ಕಿಸದೆ ಲೋಟಕ್ಕೆ ಬಗ್ಗಿಸುವವಳಲ್ಲ. ನಮ್ಮಲ್ಲಿ ದಾರಿಯಾಗಿದ್ದು ಅಣ್ಣನ ಕೈ. ಕಂದು ಹಾಕಿದ ಹಸುವಿನ ಸತ್ತೆಯಲ್ಲಿ, ಗರ್ಭದ ನೀರಿನಲ್ಲಿ ರೋಗಾಣು ಕಿಕ್ಕಿರಿದಿರುತ್ತದೆ. ಗೀರು, ಕಣ್ಣು, ಉಸಿರು, ಯಾವುದರಿಂದಲಾದರೂ ಒಳಹೊಕ್ಕೀತು.

ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡನ್ನೂ ಆರು ವಾರ ನುಂಗಬೇಕಿತ್ತು. ಎರಡನೇ ವಾರಕ್ಕೆ ಜ್ವರ ಬಿಟ್ಟಾಗ ಅಣ್ಣ ಮಾತ್ರೆ ನಿಲ್ಲಿಸಲು ಹೊರಟ. ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸುತ್ತದೆಂದು ಹೆದರಿಸಿ ನುಂಗಿಸಿದ್ದು ಅತ್ತಿಗೆ.

ಮನುಷ್ಯರಿಗೆ ಇದಕ್ಕೆ ಲಸಿಕೆಯಿಲ್ಲ. ಹೆಣ್ಣುಗರುಗಳಿಗಿದೆ: 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳೊಳಗೆ ಒಂದೇ ಸಲ ಹಾಕುತ್ತಾರೆ. ಅದು ಜೀವಂತ ರೋಗಾಣುವಿನ ಲಸಿಕೆ, ಕಣ್ಣಿಗೆ ಸಿಡಿದರೆ ಹಾಕುವವರಿಗೇ ರೋಗ ತಗಲಬಹುದು.

ಈಗ ಕೊಟ್ಟಿಗೆಯ ಗೂಡಿನಲ್ಲಿ ಉದ್ದ ತೋಳಿನ ಕೈಗವಸಿದೆ. ಸತ್ತೆ ಸುಣ್ಣ ಹಾಕಿದ ಆಳದ ಗುಂಡಿಗೆ ಹೋಗುತ್ತದೆ. ಮೊನ್ನೆ ಕರುವಿಗೆ ಲಸಿಕೆ ಹಾಕಲು ಬಂದ ಹುಡುಗನನ್ನು ಅಣ್ಣ ಬಾಗಿಲಲ್ಲೇ ತಡೆದ: "ಕನ್ನಡಕ ಎಲ್ಲಪ್ಪಾ?"