ಅಶ್ವಗಂಧವೂ ಅಂಗಸಾಧನೆಯೂ

ಅಂಗಸಾಧನೆಯಲ್ಲಿ ಆಸಕ್ತಿಯುಳ್ಳ ತರುಣರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ಕೆಲವರು ಪೊಲೀಸ್ ಇಲಾಖೆಯ ದೇಹದಾರ್ಢ್ಯ ಪರೀಕ್ಷೆಗಾಗಿ ಬೆಳಗಿನ ಜಾವದಲ್ಲೆದ್ದು ಓಟ, ಜಿಗಿತ, ಗುಂಡೆಸೆತಗಳನ್ನು ಅಭ್ಯಾಸ ಮಾಡುತ್ತಾರೆ. ಮತ್ತೆ ಕೆಲವರು ಸಂಜೆಯ ಹೊತ್ತು ಜಿಮ್ಮಿನಲ್ಲಿ ಭಾರ ಎತ್ತುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಈಚೆಗೆ ಇವರ ಮಾತಿನಲ್ಲಿ ವ್ಯಾಯಾಮಕ್ಕಿಂತ ಹೆಚ್ಚಾಗಿ ಕೇಳಿಬರುವುದು ಅಶ್ವಗಂಧದ ಪುಡಿ ಮಾತ್ರೆಗಳ ಹೆಸರು. "ಕಾರ್ಟಿಸಾಲ್ ಎಂಬ ರಸ ಸ್ನಾಯುವನ್ನು ತಿಂದುಹಾಕುತ್ತದೆ, ಅಶ್ವಗಂಧ ಅದನ್ನು ಅಡಗಿಸುತ್ತದೆ, ಆದುದರಿಂದ ಮೈ ಕಟ್ಟುತ್ತದೆ" ಎಂಬುದು ಅವರ ವಾದ. ಮಧ್ಯಾಹ್ನದ ಊಟದ ದುಡ್ಡನ್ನು ಉಳಿಸಿ ಡಬ್ಬಿ ಕೊಂಡವರನ್ನೂ ನಾನು ಬಲ್ಲೆ. ಈ ವಾದದಲ್ಲಿ ನಿಜವೆಷ್ಟು, ಅತಿಶಯವೆಷ್ಟು ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಕಾರ್ಟಿಸಾಲ್ ಎಂದರೇನು?

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿಯಿದೆ. ಇದಕ್ಕೆ ಅಡ್ರೀನಲ್ ಗ್ರಂಥಿಯೆಂದು ಹೆಸರು. ದೇಹಕ್ಕೆ ಶ್ರಮವಾಗಲಿ ಮನಸ್ಸಿಗೆ ಭಯವಾಗಲಿ ಒದಗಿದಾಗ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯು ರಕ್ತದ ಮೂಲಕ ಅಡ್ರೀನಲ್ಲಿಗೆ ಸೂಚನೆ ಕಳಿಸುತ್ತದೆ. ಆಗ ಅದರ ಹೊರಪದರವು ಕಾರ್ಟಿಸಾಲನ್ನು ರಕ್ತಕ್ಕೆ ಬಿಡುತ್ತದೆ. ಈ ಹಾರ್ಮೋನು ಯಕೃತ್ತಿನಲ್ಲಿ ಸಕ್ಕರೆ ತಯಾರಾಗುವಂತೆ ಮಾಡಿ ದೇಹಕ್ಕೆ ತತ್‌ಕ್ಷಣದ ಶಕ್ತಿಯನ್ನು ಒದಗಿಸುತ್ತದೆ. ಆ ಸಕ್ಕರೆಗೆ ಬೇಕಾದ ಸಾಮಗ್ರಿಯಲ್ಲಿ ಒಂದು ಪಾಲು ಸ್ನಾಯುವಿನ ಪ್ರೋಟೀನು ಒಡೆದು ಬರುವ ಅಮೈನೋ ಆಮ್ಲ. ಆದ್ದರಿಂದ ಗೆಳೆಯರ ವಾದದ ಮೊದಲ ಭಾಗ ಸುಳ್ಳಲ್ಲ.

ಆದರೆ ಕಾರ್ಟಿಸಾಲ್ ನಮ್ಮ ಶತ್ರುವೆಂದು ತಿಳಿಯುವುದು ತಪ್ಪು. ಅಡ್ರೀನಲ್ ಗ್ರಂಥಿ ಕೆಟ್ಟವರ ದುರವಸ್ಥೆಯನ್ನು ಥಾಮಸ್ ಅಡಿಸನ್ ಎಂಬ ಆಂಗ್ಲ ವೈದ್ಯನು ೧೮೫೫ರಲ್ಲಿಯೇ ವರ್ಣಿಸಿದನು. ಅಂಥವರು ನಿಶ್ಶಕ್ತರಾಗಿ ಕೃಶರಾಗುತ್ತಾರೆ; ಚಿಕಿತ್ಸೆಯಿಲ್ಲದಿದ್ದರೆ ಬದುಕುವುದಿಲ್ಲ. ಈ ಗ್ರಂಥಿಯ ಹೊರಪದರದ ಹಾರ್ಮೋನುಗಳನ್ನು ಕುರಿತ ಸಂಶೋಧನೆಗಾಗಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ ೧೯೫೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆರೋಗ್ಯವಂತನಲ್ಲಿ ಕಾರ್ಟಿಸಾಲ್ ಬೆಳಗ್ಗೆ ಏಳುವ ಹೊತ್ತಿಗೆ ಏರಿ, ನಡುರಾತ್ರಿಯ ವೇಳೆಗೆ ಇಳಿಯುತ್ತದೆ. ಕಠಿಣ ವ್ಯಾಯಾಮ ಮಾಡುವಾಗಲೂ ಏರಿ, ಅನಂತರ ತಾನಾಗಿ ಇಳಿಯುತ್ತದೆ. ಈ ಏರಿಳಿತ ಕೆಡುಕಲ್ಲ. ಏರಿದ್ದು ಇಳಿಯದೆ ದಿನಗಟ್ಟಲೆ ನಿಂತಾಗಲೇ ಸ್ನಾಯು ಸವೆಯುವುದು.

ಅಶ್ವಗಂಧದ ಗುಣ

ಅಶ್ವಗಂಧಕ್ಕೆ ನಮ್ಮಲ್ಲಿ ಹಿರೇಮದ್ದು ಎಂಬ ಹೆಸರೂ ಉಂಟು. ಇದು ಬದನೆ, ಟೊಮ್ಯಾಟೊಗಳ ಕುಟುಂಬಕ್ಕೆ ಸೇರಿದ ಗಿಡ. ಹಸಿ ಬೇರಿಗೆ ಕುದುರೆಯ ವಾಸನೆಯಿರುವುದರಿಂದ ಈ ಸಂಸ್ಕೃತನಾಮ. ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ವಿಥಾನಿಯ ಸೋಮ್ನಿಫೆರ. ಸೋಮ್ನಿಫೆರ ಎಂದರೆ ನಿದ್ರೆ ತರುವುದು ಎಂದರ್ಥ. ಚರಕಸಂಹಿತೆಯು ಇದನ್ನು ಬಲ್ಯ, ಬೃಂಹಣೀಯ ಎಂಬ ವರ್ಗಗಳಲ್ಲಿ, ಎಂದರೆ ಬಲ ಕೊಡುವ ಮತ್ತು ಮೈ ತುಂಬಿಸುವ ದ್ರವ್ಯಗಳಲ್ಲಿ ಸೇರಿಸಿದೆ.

ಆಧುನಿಕರ ಪ್ರಯೋಗಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ೨೦೧೨ರಲ್ಲಿ ಹೈದರಾಬಾದಿನ ಸಂಶೋಧಕರು ಬಹುಕಾಲದಿಂದ ಮಾನಸಿಕ ಒತ್ತಡದಲ್ಲಿದ್ದ ೬೪ ಮಂದಿಯನ್ನು ಆರಿಸಿಕೊಂಡು, ಅರ್ಧದಷ್ಟು ಜನಕ್ಕೆ ಬೇರಿನ ಸಾರವನ್ನು ದಿನಕ್ಕೆರಡು ಬಾರಿ ೩೦೦ ಮಿಲಿಗ್ರಾಮಿನಂತೆ ೬೦ ದಿನ ಕೊಟ್ಟರು. ಉಳಿದವರಿಗೆ ಔಷಧಗುಣವಿಲ್ಲದ ಹುಸಿಮಾತ್ರೆ. ಸಾರ ಸೇವಿಸಿದವರ ಕಾರ್ಟಿಸಾಲ್ ಶೇಕಡ ೨೭.೯ರಷ್ಟೂ ಉಳಿದವರದು ಶೇಕಡ ೭.೯ರಷ್ಟೂ ಇಳಿದಿತ್ತು. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಭಾರ ಎತ್ತುವುದರಲ್ಲಿ ಹೆಚ್ಚು ಅನುಭವವಿಲ್ಲದ ೫೭ ಮಂದಿ ಗಂಡಸರು ಅದೇ ಪ್ರಮಾಣದಲ್ಲಿ ಸಾರವನ್ನೋ ಹುಸಿಮಾತ್ರೆಯನ್ನೋ ಸೇವಿಸುತ್ತ ಎಂಟು ವಾರ ವ್ಯಾಯಾಮ ಮಾಡಿದರು. ಬೆಂಚಿನ ಮೇಲೆ ಅಂಗಾತ ಮಲಗಿ ಎತ್ತುವ ಭಾರವು ಸಾರ ಸೇವಿಸಿದವರಲ್ಲಿ ಸರಾಸರಿ ೪೬ ಕಿಲೋಗ್ರಾಂ ಹೆಚ್ಚಿತು, ಹುಸಿಮಾತ್ರೆಯವರಲ್ಲಿ ೨೬.೪ ಕಿಲೋಗ್ರಾಂ ಹೆಚ್ಚಿತು.

ಡಬ್ಬಿ ಮಾರುವವರು ಮೊದಲನೆಯ ಅಂಕಿಯನ್ನು ಮಾತ್ರ ತೋರಿಸುತ್ತಾರೆ. ನಾವು ಎರಡನೆಯದನ್ನೂ ನೋಡಬೇಕು. ಏನೂ ಸತ್ತ್ವವಿಲ್ಲದ ಮಾತ್ರೆ ನುಂಗಿದವರು ಕೂಡ ೨೬ ಕಿಲೋಗ್ರಾಂ ಹೆಚ್ಚು ಎತ್ತಿದರಲ್ಲ, ಅದು ಯಾವುದರ ಫಲ? ಬಹುಮಟ್ಟಿಗೆ ಕ್ರಮವಾದ ವ್ಯಾಯಾಮದ ಫಲ. ವ್ಯಾಯಾಮವಿಲ್ಲದೆ ಬರಿಯ ಸಾರ ಸೇವಿಸಿದರೆ ಏನಾಗುತ್ತಿತ್ತೆಂದು ಆ ಪ್ರಯೋಗ ಹೇಳುವುದಿಲ್ಲ. ಅಲ್ಲದೆ ಇವೆರಡೂ ಕೆಲವೇ ಮಂದಿಯ ಮೇಲೆ ಕೆಲವೇ ವಾರ ನಡೆದಂಥವು. ಒತ್ತಡದಲ್ಲಿದ್ದವರಿಗೆ ಆದ ಗುಣ ನೆಮ್ಮದಿಯಾಗಿರುವವರಿಗೂ ಆಗುತ್ತದೆಂದಾಗಲಿ, ಹೊಸಬರಿಗೆ ಆದದ್ದು ಪಳಗಿದವರಿಗೂ ಆಗುತ್ತದೆಂದಾಗಲಿ ಇವುಗಳಿಂದ ಸಿದ್ಧವಾಗದು.

ನಿದ್ರೆಯ ಲೆಕ್ಕ

ಇನ್ನು ದುಡ್ಡಿಲ್ಲದೆ ದೊರೆಯುವ ಒಂದು ಸಾಧನವನ್ನು ನೋಡೋಣ. ೨೦೨೧ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ೧೩ ಮಂದಿ ತರುಣ ತರುಣಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿ ಪರೀಕ್ಷಿಸಿದರು. ಆ ಒಂದೇ ರಾತ್ರಿಯಿಂದ ಸ್ನಾಯುವಿನಲ್ಲಿ ಪ್ರೋಟೀನು ಕಟ್ಟುವ ಕಾರ್ಯ ಶೇಕಡ ೧೮ರಷ್ಟು ತಗ್ಗಿತು. ಕಾರ್ಟಿಸಾಲ್ ಶೇಕಡ ೨೧ರಷ್ಟು ಏರಿತು. ಕಾರ್ಟಿಸಾಲ್ ಇಳಿಸಲೆಂದು ಮಾತ್ರೆ ನುಂಗಿ, ಬಳಿಕ ಮೊಬೈಲು ಹಿಡಿದು ಎರಡು ಗಂಟೆಯ ರಾತ್ರಿಯವರೆಗೆ ಎಚ್ಚರವಿರುವ ನಮ್ಮವರು ಒಂದು ಕೈಯಲ್ಲಿ ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲುತ್ತಿದ್ದಾರೆಂದೇ ಹೇಳಬೇಕು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸಿಹೇಳುವುದು ಕಷ್ಟವಲ್ಲ. ತುರುವೇಕೆರೆ, ತಿಪಟೂರುಗಳಲ್ಲಿ ಬಲಿತ ತೆಂಗಿನಕಾಯಿಯನ್ನು ಇಳಿಸಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟ ಮೇಲೆ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಕೊಬ್ಬರಿಯಾಗುವುದು ಮರದಲ್ಲಲ್ಲ, ಅಟ್ಟದಲ್ಲಿ. ಅವಸರಪಟ್ಟು ಒಡೆದವನಿಗೆ ಎಳನೀರೂ ಇಲ್ಲ, ಕೊಬ್ಬರಿಯೂ ಇಲ್ಲ. ಹಾಗೆಯೇ ವ್ಯಾಯಾಮವು ಸ್ನಾಯುವಿಗೆ ಬೆಳೆಯಲು ಪ್ರೇರಣೆ ಕೊಡುತ್ತದೆ. ಬೆಳವಣಿಗೆಯ ಹೆಚ್ಚಿನ ಪಾಲು ಅನಂತರದ ಒಂದೆರಡು ದಿನಗಳ ಊಟ, ನಿದ್ರೆ, ವಿಶ್ರಾಂತಿಗಳಲ್ಲಿ ನಡೆಯುತ್ತದೆ.

ಅಶ್ವಗಂಧವನ್ನು ಹೊಗಳಿದ ಚರಕನೇ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಆಧಾರಸ್ತಂಭಗಳೆಂದಿದ್ದಾನೆ. ವ್ಯಾಯಾಮವನ್ನು ಅರ್ಧಶಕ್ತಿಯ ಮಿತಿಯಲ್ಲಿ ಮಾಡಬೇಕೆಂದು ವಾಗ್ಭಟನು ವಿಧಿಸಿದ್ದಾನೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿ ಹೆಸರಾದವರು. ನಮ್ಮ ದೇಶದ ಅಂಗಸಾಧನೆ ಡಬ್ಬಿಯಿಂದ ಹುಟ್ಟಿದ್ದಲ್ಲ.

ಎಚ್ಚರಿಕೆ

ಮೂಲಿಕೆಯಾದ ಮಾತ್ರಕ್ಕೆ ನಿರಪಾಯಕಾರಿಯೆಂದು ಭಾವಿಸಲಾಗದು. ಅಶ್ವಗಂಧ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆ, ಕಾಮಾಲೆ ಬಂದುದು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಡೆನ್ಮಾರ್ಕ್ ದೇಶ ೨೦೨೩ರಲ್ಲಿ ಇದನ್ನು ನಿಷೇಧಿಸಿತು. ಬೇರಿಗೆ ಬದಲು ಎಲೆಯನ್ನು ಬಳಸಬಾರದೆಂದು ನಮ್ಮ ಆಯುಷ್ ಸಚಿವಾಲಯ ೨೦೨೧ರಲ್ಲಿ ತಯಾರಕರಿಗೆ ಸೂಚಿಸಿತು. ಥೈರಾಯ್ಡ್ ತೊಂದರೆಯುಳ್ಳವರೂ ಯಕೃತ್ತಿನ ಕಾಯಿಲೆಯವರೂ ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗರ್ಭಿಣಿಯರಿಗೆ ಇದು ಸಲ್ಲದು.

ಇನ್ನು ಊಟದ ದುಡ್ಡಿನ ಮಾತು. ೬೦ ಕಿಲೋಗ್ರಾಂ ತೂಕದ ತರುಣನಿಗೆ ದಿನಕ್ಕೆ ಸುಮಾರು ೫೦ ಗ್ರಾಂ ಪ್ರೋಟೀನು ಬೇಕು. ಭಾರ ಎತ್ತುವವನಿಗೆ ಅದಕ್ಕಿಂತ ಹೆಚ್ಚು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು ೨೨ ಗ್ರಾಂ, ರಾಗಿಯಲ್ಲಿ ೭ ಗ್ರಾಂ, ಒಂದು ಮೊಟ್ಟೆಯಲ್ಲಿ ೬ ಗ್ರಾಂ ಇದೆ. ಹುರುಳಿ ಬೇಯಿಸಿದ ಕಟ್ಟಿನ ಸಾರನ್ನು ಮಾತ್ರ ಮುದ್ದೆಗೆ ಹಾಕಿಕೊಂಡರೆ ಸಾಲದು, ಕಾಳನ್ನೂ ತಿನ್ನಬೇಕು. ಊಟ ಬಿಟ್ಟು ಮಾತ್ರೆ ಕೊಂಡವನು ಗೋಡೆಗೆ ಬೇಕಾದ ಇಟ್ಟಿಗೆಯನ್ನು ಮಾರಿ ಸುಣ್ಣ ತಂದಂತಾಯಿತು.

ಕೊನೆಯದಾಗಿ ಗೆಳೆಯರಲ್ಲಿ ಒಂದು ಬಿನ್ನಹ. ಡಬ್ಬಿ ಕೊಳ್ಳುವ ಮುನ್ನ ಎಂಟು ವಾರ ಹೊತ್ತಿಗೆ ಸರಿಯಾಗಿ ಉಂಡು, ರಾತ್ರಿ ಹತ್ತಕ್ಕೆ ಮಲಗಿ, ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿ, ಎತ್ತಿದ ಭಾರವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಅಶ್ವಗಂಧದ ಪ್ರಯೋಗ ನಡೆದುದೂ ಎಂಟೇ ವಾರ. ಆಮೇಲೂ ಬೇಕೆನಿಸಿದರೆ ವೈದ್ಯರನ್ನು ಕೇಳಿ ಕೊಳ್ಳಬಹುದು. ಹಾಗೆ ಬೇಕೆನಿಸುವವರು ಬಹಳ ಮಂದಿ ಇರಲಾರರೆಂದು ನನ್ನ ನಂಬಿಕೆ.