ಐದನೇ ಸಾಲಿಗೆ ಹೋಗೆಂದರೆ ಹನ್ನೆರಡಕ್ಕೆ

ಹಂಪಿಯ ಶಾಸನಗಳ ಪಾಠವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಹಿಡಿದು ಕಮಲಾಪುರದಲ್ಲಿ ಕೋಣೆ ಮಾಡಿಕೊಂಡಿದ್ದೆ. ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯ ಹತ್ತಿರ, ಅನುಮಾನ ಬಂದರೆ ಹೋಗಿ ಕಲ್ಲನ್ನೇ ನೋಡಬಹುದು. ಅಕ್ಷರ ಸವೆದು ಓದು ಖಚಿತವಾಗದ ಸಾಲಿಗೆಲ್ಲ ಎಡಿಟರಿನಲ್ಲಿ ಬುಕ್‌ಮಾರ್ಕ್ ಇಡುತ್ತಿದ್ದೆ. ವಾರಕ್ಕೊಮ್ಮೆ ಎಫ್2 ಒತ್ತುತ್ತ ಒಂದೊಂದೇ ಗುರುತಿಗೆ ಹೋಗಿ ಅಚ್ಚಿನ ಪಾಠದೊಂದಿಗೆ ತಾಳೆ ನೋಡುವುದು.

ಒಂದು ಬೆಳಿಗ್ಗೆ ಕರ್ಸರ್ ಗುರುತಿಲ್ಲದ ಸಾಲಿಗೆ ಹೋಗಿ ನಿಂತಿತು. ಅದೇ ಅನುಮಾನದ ಸಾಲೆಂದು ನಂಬಿ, ಸರಿಯಾಗಿದ್ದ ಅಕ್ಷರವೊಂದನ್ನು ತಿದ್ದಿಬಿಟ್ಟೆ. ತಪ್ಪು ಕಣ್ಣಿಗೆ ಬಿದ್ದದ್ದು ಎರಡು ದಿನ ಬಿಟ್ಟು. ಐನೂರು ವರ್ಷ ಮಳೆಬಿಸಿಲಿಗೆ ಉಳಿದುಬಂದ ಅಕ್ಷರ ನನ್ನ ಕೈಯಲ್ಲಿ ಕೆಡಬಾರದಿತ್ತು.

ಎಡಿಟರ್ ಮಾಡಿದವರಿಗೆ ಬರೆದೆ. ‘ನಮ್ಮಲ್ಲಿ ಸರಿಯಾಗಿಯೇ ಇದೆ, ಹೇಗೆ ಬರುತ್ತದೆ ತೋರಿಸಿ’ ಎಂದರು. ತೋರಿಸಲು ಕೂತರೆ ಬಗ್ ಬರಲೇ ಇಲ್ಲ. ಗುರುತಿಟ್ಟು ಒತ್ತಿದರೆ ಎಲ್ಲವೂ ನೆಟ್ಟಗೆ. ನಾಲ್ಕು ಸಂಜೆ ಹೀಗೇ ಹೋದವು. ಕೊನೆಗೆ, ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹಾಳೆಯಲ್ಲಿ ಬರೆಯತೊಡಗಿದೆ. ಆಗ ಹೊಳೆಯಿತು: ಗುರುತಿಟ್ಟ ದಿನ ಸರಿ, ಎಡಿಟರ್ ಮುಚ್ಚಿ ಮರುದಿನ ತೆರೆದರೆ ತಪ್ಪು. ಅದರಲ್ಲೂ ಫೈಲಿನ ತಲೆಯ ಇಂಗ್ಲಿಷ್ ವಿವರಗಳಲ್ಲಿಟ್ಟ ಗುರುತು ಕದಲುತ್ತಿರಲಿಲ್ಲ. ಕನ್ನಡ ಶುರುವಾದಲ್ಲಿಂದ ಕೆಳಗಿಳಿದಷ್ಟೂ ಹೆಚ್ಚು ಜಾರುತ್ತಿತ್ತು.

ಶಾಸನ ಪಕ್ಕಕ್ಕಿಟ್ಟು ಹೊಸ ಫೈಲ್ ತೆರೆದೆ. 20 ಸಾಲು, ಪ್ರತಿ ಸಾಲಿನಲ್ಲೂ ‘ಕಮಲಾಪುರ’ ಎಂದಷ್ಟೇ. ಐದನೇ ಸಾಲಿನ ಮೊದಲಿಗೆ ಗುರುತಿಟ್ಟು, ಮುಚ್ಚಿ, ತೆರೆದು ಎಫ್2 ಒತ್ತಿದೆ. ಕರ್ಸರ್ ನಿಂತದ್ದು ಹನ್ನೆರಡನೇ ಸಾಲಿನ ಮೊದಲಿಗೆ.

ಉಳಿದದ್ದು ಲೆಕ್ಕ. ಕಣ್ಣಿಗೆ ‘ಕಮಲಾಪುರ’ 5 ಅಕ್ಷರ. ಯೂನಿಕೋಡಿಗೆ ‘ಲಾ’ದ ಇಳಿ, ‘ಪು’ವಿನ ಕೊಂಬು ಬೇರೆ ಬೇರೆ, ಹಾಗಾಗಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಸಾಲು ಮುಗಿದ ಗುರುತಿಗೆ ಇನ್ನೊಂದು. ಐದನೇ ಸಾಲಿಗೆ ಮೊದಲು ಇರುವುದು 88 ಬೈಟ್. ಮುಚ್ಚುವಾಗ ಈ 88ನ್ನು ಬರೆದಿಟ್ಟುಕೊಂಡ ಎಡಿಟರ್, ತೆರೆಯುವಾಗ ಅದನ್ನೇ 88 ಸಂಕೇತವೆಂದು ಎಣಿಸುತ್ತಿತ್ತು. ಸಾಲಿಗೆ 8 ಸಂಕೇತದಂತೆ 11 ಸಾಲು ದಾಟಿ ಹನ್ನೆರಡಕ್ಕೆ. ಇಂಗ್ಲಿಷಿನ ಅಕ್ಷರ ಒಂದೇ ಬೈಟ್. ಎರಡು ಎಣಿಕೆಯೂ ಅಲ್ಲಿ ಒಂದೇ. ಅವರಿಗೆ ಕಾಣದೇ ಹೋದದ್ದು ಅದಕ್ಕೇ.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇಲ್ಲಿಯ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಇಷ್ಟು ಕಾಲ ಕಳೆದ ಮೇಲೂ ಇಂಗ್ಲಿಷ್ ಫೈಲಿನಲ್ಲಷ್ಟೇ ಪರೀಕ್ಷಿಸಿ ‘ಸರಿಯಿದೆ’ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಆ 20 ಸಾಲಿನ ಫೈಲನ್ನೂ ಮಾಡಿದ ನಾಲ್ಕು ಹೆಜ್ಜೆಗಳನ್ನೂ ಕಳಿಸಿದೆ. ಈ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸರಿಮಾಡಿದರು. ನೀವೂ ನಿಮ್ಮ ಎಡಿಟರಿನಲ್ಲಿ ನಿಮ್ಮೂರ ಹೆಸರನ್ನು 20 ಸಾಲು ಬರೆದು, ಐದನೆಯದಕ್ಕೆ ಗುರುತಿಟ್ಟು, ಮುಚ್ಚಿ ತೆರೆದು ನೋಡಿ. ಗುರುತು ಜಾರಿದ್ದರೆ ಆ ಫೈಲನ್ನು ಕನ್ನಡದಲ್ಲಿದ್ದ ಹಾಗೆಯೇ ಅವರಿಗೆ ಕಳಿಸಿ.